ಗುಡಿ ಪಕ್ಕದಲ್ಲಿ ಬದುಕುವವರಿಗೂ ಗುಡಿ ಉಳಿಸುವ ಓದು ಸಿಗಲಿ: ಉನ್ನತ ಶಿಕ್ಷಣ ಸಚಿವರಿಗೆ, ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಹಾಗೂ ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ನಮಸ್ಕಾರ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಎರಡು ವರ್ಷದಿಂದ ರಾತ್ರಿ ಹೊತ್ತು ನಾನೂ ವಿದ್ಯಾರ್ಥಿನಿ. ವಿದೇಶದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಸೇರಿಕೊಂಡಿದ್ದೇನೆ. ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಯ ಸಂರಕ್ಷಣೆ ನನ್ನ ವಿಷಯ. ಹಳೆಯ ಗುಡಿ, ಕೆರೆ, ಶಾಸನ, ತಾಳೆಗರಿ, ದೇವರಕಾಡು, ಹುಲ್ಲುಗಾವಲು ಇವನ್ನೆಲ್ಲ ಕೆಡಿಸದೆ ಉಳಿಸಿಕೊಳ್ಳುವುದು ಹೇಗೆ ಎಂದು ಕಲಿಸುವ ಓದು ಇದು. ಈ ಓದನ್ನು ನಮ್ಮ ರಾಜ್ಯದ್ದೇ ವಿಶ್ವವಿದ್ಯಾಲಯವೊಂದು, ಕನ್ನಡದಲ್ಲಿ, ಕೆಲಸ ಬಿಡಲಾಗದವರಿಗೂ ಸಿಗುವ ಹಾಗೆ ಶುರು ಮಾಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಯಾಕೆ ಕೇಳುತ್ತಿದ್ದೇನೆ ಎಂದು ಹೇಳಬೇಕಾದರೆ ಮೊದಲು ನಾನೂ ಸೇರಿ ಮಾಡಿದ ಒಂದು ತಪ್ಪನ್ನು ಹೇಳಬೇಕು.

ನಮ್ಮೂರಿನ ಈಶ್ವರನ ಗುಡಿ ಹೊಯ್ಸಳರ ಕಾಲದ್ದು. ಚಿಕ್ಕ ಗುಡಿ, ಕೆತ್ತನೆ ಕಮ್ಮಿ. ಸಂರಕ್ಷಿತ ಸ್ಮಾರಕಗಳ ಕೇಂದ್ರದ ಪಟ್ಟಿಯಲ್ಲೂ ಇಲ್ಲ, ರಾಜ್ಯದ ಪಟ್ಟಿಯಲ್ಲೂ ಇಲ್ಲ. ಎದುರಿಗೆ ಅರಳಿಮರದ ಬುಡದಲ್ಲಿ ಒಂದು ವೀರಗಲ್ಲು ನಿಂತಿದೆ. ಏಳೆಂಟು ವರ್ಷದ ಹಿಂದೆ ಊರವರೆಲ್ಲ ಸೇರಿ ಚಂದಾ ಎತ್ತಿ ಗುಡಿ ರಿಪೇರಿ ಮಾಡಿಸಿದೆವು. ನಾನೂ ಐದು ಸಾವಿರ ಕೊಟ್ಟೆ. ಸಮಿತಿಯಲ್ಲೂ ಇದ್ದೆ. ಗೋಡೆಯ ಕಲ್ಲುಗಳ ಸಂದಿಗೆಲ್ಲ ಸಿಮೆಂಟ್ ತುಂಬಿಸಿದೆವು. ನವರಂಗದ ನೆಲಕ್ಕೆ ಟೈಲ್ಸ್ ಹಾಕಿಸಿದೆವು. ವೀರಗಲ್ಲಿಗೆ ಮೇಲಿಂದ ಕೆಳಗಿನವರೆಗೆ ಸಿಲ್ವರ್ ಪೇಂಟ್ ಹೊಡೆಸಿದೆವು. ಶಿವರಾತ್ರಿ ದಿನ ಅದು ಫಳಫಳ ಹೊಳೆಯಿತು. ಎಲ್ಲರಿಗೂ ಖುಷಿಯಾಯಿತು. ನನಗೂ.

ಕೋರ್ಸಿನ ಮೊದಲ ಸೆಮಿಸ್ಟರ್‌ನಲ್ಲಿ ಮನೆಗೆ ಹತ್ತಿರ ಇರುವ ಒಂದು ಹಳೆಯ ಕಟ್ಟಡದ ಸ್ಥಿತಿ ವರದಿ ಬರೆಯಲು ಹೇಳಿದರು. ನಾನು ನಮ್ಮ ಗುಡಿಯನ್ನೇ ಆರಿಸಿಕೊಂಡೆ. ಟೇಪು, ಟಾರ್ಚು, ಗ್ರಾಫ್ ಹಾಳೆ ಹಿಡಿದು ನಾಲ್ಕು ಭಾನುವಾರ ಗೋಡೆಯ ಒಂದೊಂದು ಕಲ್ಲನ್ನೂ ನೋಡಿದೆ. ದಿನಾ ಕೈ ಮುಗಿದು ಬರುತ್ತಿದ್ದ ಗುಡಿ. ಅಷ್ಟು ಹತ್ತಿರದಿಂದ ಒಮ್ಮೆಯೂ ನೋಡಿರಲಿಲ್ಲ. ಸಿಮೆಂಟ್ ಹಾಕಿದ ಸಂದಿಗಳು ಗಟ್ಟಿಯಾಗಿ ಹಾಗೇ ಇದ್ದವು. ಅದರ ಪಕ್ಕದ ಕಲ್ಲನ್ನು ಬೆರಳಿನಿಂದ ಒತ್ತಿದರೆ ಬಿಳಿ ಪುಡಿ ಉದುರಿತು. ಒಂದು ಕಡೆ ಹೂಬಳ್ಳಿಯ ಕೆತ್ತನೆ ಹಪ್ಪಳದ ಹಾಗೆ ಎದ್ದು ಬಂದಿತ್ತು. ನಾನು ಮುಟ್ಟಿದ ಕೂಡಲೇ ಕೈಯಲ್ಲೇ ಮುರಿಯಿತು.

ಆಗಿದ್ದು ಇಷ್ಟು. ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ. ಹಳೆಯ ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಬಿಸಿಲು ಬಂದಾಗ ಆ ನೀರು ಗಾರೆಯ ಸಂದಿಯಿಂದ ಆರಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚಿತು. ನೀರು ಈಗ ಕಲ್ಲಿನ ಮೂಲಕವೇ ಹೊರಗೆ ಬರಬೇಕು. ಬರುವಾಗ ಉಪ್ಪನ್ನೂ ತರುತ್ತದೆ. ಆ ಉಪ್ಪು ಕಲ್ಲಿನ ಮೈಯ ಒಳಗೆ ಹರಳುಗಟ್ಟಿ ಉಬ್ಬಿ ಪದರ ಪದರವಾಗಿ ಎಬ್ಬಿಸುತ್ತದೆ. ಹೊಯ್ಸಳರು ಬಳಸಿದ ಬಳಪದ ಕಲ್ಲಂತೂ ಮೆದು. ಅದಕ್ಕೇ ಅಷ್ಟು ಸೂಕ್ಷ್ಮವಾಗಿ ಕೆತ್ತಲು ಆಗಿದ್ದು. ಎಂಟು ನೂರು ವರ್ಷ ನಿಂತ ಕೆತ್ತನೆಯನ್ನು ನಾವು ಎಂಟು ವರ್ಷದಲ್ಲಿ ಉದುರಿಸಿದೆವು. ಭಕ್ತಿಯಿಂದಲೇ, ಕೈಯಿಂದ ದುಡ್ಡು ಹಾಕಿಯೇ.

ವೀರಗಲ್ಲಿನದು ಇನ್ನೂ ಸಂಕಟ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಇರುವುದು ರೂಢಿ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಒಂದು ಪಟ್ಟಿ ಬಿಟ್ಟಿರುತ್ತಾರೆ. ಎಷ್ಟೋ ಕಲ್ಲುಗಳಲ್ಲಿ ಶಾಸನ ಇರುವುದು ಆ ಪಟ್ಟಿಯ ಮೇಲೆ. ಒಂದು ಸಂಜೆ ಕತ್ತಲಾದ ಮೇಲೆ, ಪಾಠದಲ್ಲಿ ಹೇಳಿಕೊಟ್ಟ ಹಾಗೆ, ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಪಕ್ಕದಿಂದ ಅಡ್ಡವಾಗಿ ಹಿಡಿದೆ. ಸಿಲ್ವರ್ ಪೇಂಟಿನ ಕೆಳಗಿಂದ ನೆರಳು ನೆರಳಾಗಿ ಅಕ್ಷರಗಳು ಎದ್ದವು. ಎರಡು ಸಾಲು. ನಾಲ್ಕೈದು ಅಕ್ಷರ ಓದಲು ಬಂದವು, ಮಿಕ್ಕವು ಪೇಂಟಿನಲ್ಲಿ ತುಂಬಿಹೋಗಿವೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದೇನೆ. ನಮ್ಮೂರಿನ ಇತಿಹಾಸದ ಮೇಲೆ ಬಣ್ಣ ಬಳಿಯುವಾಗ ಪಕ್ಕದಲ್ಲೇ ನಿಂತಿದ್ದೆ.

ಹಾಗಾಗಿ ನನಗೆ ಒಂದು ಮಾತು ಖಾತ್ರಿಯಾಗಿದೆ. ನಮ್ಮ ಕಡೆ ಪರಂಪರೆ ಹಾಳಾಗುವುದು ಕಳ್ಳರಿಂದ, ಕಿಡಿಗೇಡಿಗಳಿಂದ ಮಾತ್ರ ಅಲ್ಲ. ಅದಕ್ಕಿಂತ ಜಾಸ್ತಿ ಹಾಳಾಗುವುದು ಒಳ್ಳೆಯ ಮನಸ್ಸಿನಿಂದ, ಗೊತ್ತಿಲ್ಲದೆ ಮಾಡುವ ರಿಪೇರಿಯಿಂದ. ಅದಕ್ಕೆ ಕಾನೂನು, ಬೇಲಿ, ನೀಲಿ ಬೋರ್ಡು ಇವಿಷ್ಟೇ ಸಾಲುವುದಿಲ್ಲ. ಅಲ್ಲೇ ಇರುವ ಜನಕ್ಕೆ ತಿಳಿದಿರಬೇಕು.

ತಿಳಿವಳಿಕೆ ನಮ್ಮಲ್ಲಿ ಇರಲೇ ಇಲ್ಲ ಎಂದೇನೂ ಅಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಅಚ್ಚಾಯಿತು. ಅದನ್ನು ತಿರುವಿ ಹಾಕುವಾಗ ನಮ್ಮ ಸೀಮೆಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಒಂದು ಮಾತು ಕಂಡಿತು: ಖಂಡಸ್ಫುಟಿತ ಜೀರ್ಣೋದ್ಧಾರ. ದೇವರ ನೈವೇದ್ಯಕ್ಕೆ ಇಷ್ಟು, ನಂದಾದೀಪಕ್ಕೆ ಇಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು ಎಂದು ಭೂಮಿ ಬಿಟ್ಟಿದ್ದಾರೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಅಂದರೆ ಗುಡಿ ಕಟ್ಟಿದ ದಿನವೇ ಅದರ ರಿಪೇರಿಗೂ ಹಣ ಎತ್ತಿಟ್ಟಿದ್ದರು. ಮುರಿದಲ್ಲಿ ಸೇರಿಸುವುದು, ಬಿರುಕು ಬಿಟ್ಟಲ್ಲಿ ಮುಚ್ಚುವುದು. ಈಗ ಜೀರ್ಣೋದ್ಧಾರ ಎಂದರೆ ಹಳೆಯದನ್ನು ಕೆಡವಿ ಗ್ರಾನೈಟ್ ಹಾಕುವುದು ಎಂದಾಗಿದೆ. ಆ ಪದದ ಮುಂದಿದ್ದ ಖಂಡಸ್ಫುಟಿತ ಎಲ್ಲಿ ಉದುರಿಹೋಯಿತೋ!

ಸ್ಮಾರಕಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದನ್ನು ನಾನು ಪರೀಕ್ಷೆಗೆ ಓದಿದ್ದೇನೆ. ಸ್ಮಾರಕಗಳಿಗೆ ನಿರಂತರ ಆರೈಕೆ ಇರಬೇಕು ಎಂದು ಅದು ಹೇಳುತ್ತದೆ. ಓದುವಾಗ ನನಗೆ ನೆನಪಾದದ್ದು ಆ ದಾನಶಾಸನ. ಆದರೆ ಅದನ್ನು ಬರೆಯೋಣ ಎಂದರೆ ಇಂಗ್ಲಿಷಿನಲ್ಲಿ ಎರಡು ಪುಟ ವಿವರಿಸಬೇಕಾಯಿತು. ಅದೇ ಕನ್ನಡದ ತರಗತಿ ಆಗಿದ್ದರೆ ಪಾಠ ಶುರುವಾಗುತ್ತಿದ್ದುದೇ ಅಲ್ಲಿಂದ, ಅಲ್ವಾ?

ಇನ್ನು ನೈಸರ್ಗಿಕ ಪರಂಪರೆಯ ವಿಷಯ. ಅದು ಎಂದ ಕೂಡಲೇ ಎಲ್ಲರ ಕಣ್ಣು ಪಶ್ಚಿಮ ಘಟ್ಟದ ಕಡೆ ಹೋಗುತ್ತದೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅದರ 39 ತಾಣಗಳಲ್ಲಿ 10 ನಮ್ಮ ರಾಜ್ಯದ್ದು. ಸಂತೋಷವೇ. ಆದರೆ ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದು ನಮ್ಮ ಬಯಲುಸೀಮೆಯ ಅಮೃತ ಮಹಲ್ ಕಾವಲಿಗೆ. ಮೊದಲ ಸಲ ಹೋದಾಗ ಒಬ್ಬ ಹುಡುಗ, "ಮಿಸ್, ಇಲ್ಲಿ ಏನೂ ಇಲ್ವಲ್ಲ, ಖಾಲಿ ಜಾಗ" ಎಂದ. ಅವನ ತಪ್ಪಲ್ಲ. ಕಾಗದದ ಮೇಲೂ ಎಷ್ಟೋ ಕಡೆ ಹುಲ್ಲುಗಾವಲು ಪಾಳುಭೂಮಿ ಎಂದೇ ಬರೆದಿರುತ್ತಾರೆ.

ಖಾಲಿ ಜಾಗ ಅಲ್ಲ ಅದು. ಮೈಸೂರು ಅರಸರು ದನ ಸಾಕಲು 'ಬೆಣ್ಣೆ ಚಾವಡಿ' ಎಂದೇ ಒಂದು ಇಲಾಖೆ ಇಟ್ಟಿದ್ದರು. ಅದರ ಎತ್ತುಗಳು ಹೈದರನ ಕಾಲದಲ್ಲಿ ದಂಡಿನ ಫಿರಂಗಿ ಎಳೆದವು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಆ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಮಳೆ ಕಂಡ ಕಡೆಗೆ ಮಂದೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಮೇಯುವ ದನ ಇದ್ದುದರಿಂದ ಹುಲ್ಲು ಉಳಿಯಿತು. ಹುಲ್ಲು ಇದ್ದುದರಿಂದ ಕೃಷ್ಣಮೃಗ, ತೋಳ, ಗುಳ್ಳೆನರಿ ಉಳಿದವು. ಇದರಲ್ಲಿ ಸಂಸ್ಕೃತಿ ಯಾವುದು, ನಿಸರ್ಗ ಯಾವುದು? ಬೇರೆ ಮಾಡಿ ತೋರಿಸಲು ಯಾರಿಗೂ ಆಗುವುದಿಲ್ಲ. 1972ರ ವಿಶ್ವ ಪರಂಪರೆ ಒಪ್ಪಂದ ಈ ಎರಡನ್ನೂ ಒಂದೇ ದಾಖಲೆಯಲ್ಲಿ ತಂದಿತು. 1992ರಲ್ಲಿ 'ಸಾಂಸ್ಕೃತಿಕ ಭೂದೃಶ್ಯ' ಎಂಬ ಹೊಸ ವರ್ಗವನ್ನೂ ಸೇರಿಸಿದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಪುರಾತತ್ವ ಒಂದು ಕಟ್ಟಡದಲ್ಲಿ, ಪರಿಸರ ವಿಜ್ಞಾನ ಇನ್ನೊಂದು ಕಟ್ಟಡದಲ್ಲಿ.

ಗುಡಿಗೆ ಸಿಮೆಂಟ್ ಮಾಡಿದ್ದನ್ನೇ ಕಾವಲಿಗೆ ಗಿಡ ನೆಡುವುದು ಮಾಡುತ್ತದೆ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಟ್ಟರೆ ನೋಡುವವರಿಗೆ ಹಸಿರು ಕಾಣುತ್ತದೆ. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. ಮರ ಬೆಳೆದರೆ ಅದು ಅಲ್ಲಿ ನಿಲ್ಲುವುದಿಲ್ಲ. ನಾನೇ ಒಂದು ಪರಿಸರ ದಿನಾಚರಣೆಗೆ ನಲವತ್ತು ಮಕ್ಕಳಿಂದ ಕಾವಲಿನಲ್ಲಿ ಸಸಿ ನೆಡಿಸಿದ್ದೇನೆ. ಈ ಕೋರ್ಸ್ ಓದಿರದಿದ್ದರೆ ಪ್ರತಿ ವರ್ಷ ನೆಡಿಸುತ್ತಿದ್ದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಮಿಕ್ಕ ಕಾವಲುಗಳ ಅಂಚಿನಲ್ಲಿ ಬದುಕುವವರು ನಮ್ಮಂಥವರು.

ಈ ಓದು ಯಾರಿಗೆ ಬೇಕು? ರಾಜ್ಯದಲ್ಲಿ ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕಗಳು 500ಕ್ಕೂ ಹೆಚ್ಚು. ರಾಜ್ಯ ಇಲಾಖೆ ಕಾಯುವವು ಇನ್ನಷ್ಟು. ಆದರೆ ಮುಜರಾಯಿ ದೇವಸ್ಥಾನಗಳೇ 34 ಸಾವಿರಕ್ಕೂ ಹೆಚ್ಚಿವೆ. ಯಾವ ಪಟ್ಟಿಯಲ್ಲೂ ಇಲ್ಲದ ಗುಡಿ, ಕಲ್ಯಾಣಿ, ಮಾಸ್ತಿಕಲ್ಲು, ಕೋಟೆಗೋಡೆಗಳಿಗೆ ಲೆಕ್ಕವೇ ಇಲ್ಲ. ಅವನ್ನು ದಿನಾ ನೋಡುವವರು ಅರ್ಚಕರು, ಪಿಡಿಒಗಳು, ಶಿಕ್ಷಕರು, ಗ್ರಂಥಪಾಲಕರು, ಅರಣ್ಯ ರಕ್ಷಕರು. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ಒಂದು ದಾಖಲೆ ಪುಸ್ತಕ ಇರಬೇಕು. ನಾನು ನೋಡಿದ ಒಂದು ಪುಸ್ತಕದಲ್ಲಿ ನಮ್ಮ ಸೀಮೆಯಲ್ಲಿ ಹುಟ್ಟದ ಮರಗಳ ಹೆಸರಿದ್ದವು. ಬರೆದವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ದೇಶದ ಮೊದಲ ಜೈವಿಕ ವೈವಿಧ್ಯ ಪಾರಂಪರಿಕ ತಾಣ ಆಗಿದ್ದು ನಮ್ಮದೇ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು, 2007ರಲ್ಲಿ. ಅಂಥ ತೋಪು ಇನ್ನೆಷ್ಟು ಇವೆಯೋ, ಗುರುತಿಸುವ ಕಣ್ಣು ಬೇಕು.

ಇವರು ಯಾರೂ ಕೆಲಸ ಬಿಟ್ಟು ಎರಡು ವರ್ಷ ದೆಹಲಿಗೆ ಹೋಗಿ ಓದಲಾರರು. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಕಟ್ಟಡ ಸಂರಕ್ಷಣೆಯ ಒಳ್ಳೆಯ ಕೋರ್ಸ್ ಇದೆ, ಆದರೆ ಅದಕ್ಕೆ ವಾಸ್ತುಶಿಲ್ಪದ ಪದವಿ ಬೇಕು. ನೈಸರ್ಗಿಕ ಪರಂಪರೆಗೆಂದೇ ಇರುವ ಯುನೆಸ್ಕೊ ಕೇಂದ್ರ ಇರುವುದು ಡೆಹ್ರಾಡೂನ್‌ನಲ್ಲಿ. ನನಗೆ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಹತ್ತನೇ ತರಗತಿಗೆ ಬಂದ ಮಗಳಿದ್ದಾಳೆ, ಶಾಲೆ ಇದೆ. ಆನ್‌ಲೈನ್ ಇದ್ದುದಕ್ಕೇ ನಾನು ಓದುತ್ತಿದ್ದೇನೆ. ರಾತ್ರಿ ಒಂಬತ್ತೂವರೆಗೆ ಪಾತ್ರೆ ತೊಳೆದು ಲ್ಯಾಪ್‌ಟಾಪ್ ತೆಗೆಯುತ್ತೇನೆ. ಕರೆಂಟ್ ಹೋದರೆ ಮೊಬೈಲ್ ಹಿಡಿದು ಮಹಡಿ ಹತ್ತುತ್ತೇನೆ, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ನನ್ನ ತರಗತಿಯಲ್ಲಿ ಬೇರೆ ಬೇರೆ ದೇಶದವರಿದ್ದಾರೆ. ಒಬ್ಬರು ಮಣ್ಣಿನ ಮಸೀದಿಯ ಬಗ್ಗೆ ಹೇಳುತ್ತಾರೆ, ಇನ್ನೊಬ್ಬರು ಮೀನುಗಾರರ ಹಳ್ಳಿಯ ಬಗ್ಗೆ. ಈ ಮಾತುಕತೆ ನನ್ನ ಕಣ್ಣು ತೆರೆಸಿದೆ. ಆನ್‌ಲೈನ್ ಪದವಿ ಸುಮ್ನೆ ಸರ್ಟಿಫಿಕೇಟಿಗೆ ಎಂದು ಹಗುರವಾಗಿ ಮಾತಾಡುವವರು ಒಂದು ವಾರ ನನ್ನ ಜೊತೆ ಕೂತು ನೋಡಲಿ.

ಹಾಗೆಂದು ಪರದೆಯ ಮೇಲೆ ಎಲ್ಲ ಕಲಿಯಬಹುದು ಎಂದು ನಾನು ಹೇಳುವುದಿಲ್ಲ. ಸುಣ್ಣದ ಗಾರೆಯ ಬಗ್ಗೆ ಒಂದೂವರೆ ಗಂಟೆಯ ಪಾಠ ಕೇಳಿದ್ದೆ. ಸ್ಲೈಡ್ ಚೆನ್ನಾಗಿದ್ದವು, ಟಿಪ್ಪಣಿಯೂ ಬರೆದುಕೊಂಡೆ. ಆಮೇಲೆ ಪಕ್ಕದ ಊರಿನ ಒಬ್ಬ ಹಳೆಯ ಗಾರೆ ಕೆಲಸದವರನ್ನು ಹುಡುಕಿಕೊಂಡು ಹೋದೆ. ಎಂಬತ್ತರ ಹತ್ತಿರದ ಅಜ್ಜ. ಅವರ ಊರಿನ ಕೆರೆ ಏರಿಯ ಪಕ್ಕದಲ್ಲಿ ಗಾರೆ ಅರೆಯುವ ಹಳೆಯ ಗಾಣ ಇನ್ನೂ ಇದೆ. ದುಂಡಗೆ ತೋಡಿದ ಕಲ್ಲಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲುಚಕ್ರ. ಎತ್ತು ಕಟ್ಟಿ ತಿರುಗಿಸುತ್ತಿದ್ದರಂತೆ. ಸುಣ್ಣ ಅರಳಿಸಿ ವಾರಗಟ್ಟಲೆ ನೀರಿನಲ್ಲೇ ಬಿಡಬೇಕು, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಎಷ್ಟು ಹಾಕಬೇಕು ಎಂದೆಲ್ಲ ಹೇಳಿದರು. ನಾನು ಅಳತೆ ಕೇಳಿದೆ. ಅವರು ನಕ್ಕು, ಕಲಸಿಟ್ಟ ಗಾರೆಯ ಒಂದು ಉಂಡೆಯನ್ನು ನನ್ನ ಅಂಗೈಗೆ ಹಾಕಿದರು. "ಹಿಸುಕಿ ನೋಡು ಮಗಾ. ಜಾರಿದ್ರೆ ನೀರು ಜಾಸ್ತಿ, ಬಿರಿದ್ರೆ ಕಮ್ಮಿ. ಬೆಣ್ಣೆ ಥರ ನಿಂತ್ರೆ ಸರಿ" ಎಂದರು. ನನ್ನ ಒಂದೂವರೆ ಗಂಟೆಯ ಟಿಪ್ಪಣಿಯಲ್ಲಿ ಈ ಮಾತು ಇರಲಿಲ್ಲ. ಅವರ ಮಗ ಈಗ ಟೈಲ್ಸ್ ಕೆಲಸ ಮಾಡುತ್ತಾರೆ. ಅಜ್ಜನ ನಂತರ ಆ ಊರಿನಲ್ಲಿ ಹಿಸುಕಿ ನೋಡಿ ಹೇಳುವವರು ಯಾರೂ ಇಲ್ಲ.

ಹಾಗಾಗಿ ನಾನು ಕೇಳುವುದು ಓದನ್ನು ಮನೆಯಲ್ಲೂ ಕೆಲಸವನ್ನು ಜಾಗದಲ್ಲೂ ಕಲಿಸುವ ಕೋರ್ಸ್. ಪಾಠ, ಚರ್ಚೆ, ಓದು ಎಲ್ಲ ಆನ್‌ಲೈನ್‌ನಲ್ಲಿ, ಸಂಜೆ ಮೇಲೆ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಎರಡೆರಡು ವಾರ ಕೈಕೆಲಸ. ಜಾಗಕ್ಕೇನೂ ಬರ ಇಲ್ಲ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ. ಅಲ್ಲೇ ಹತ್ತಿರ ವಿಜಯನಗರ ಕಾಲದ ತುರ್ತು ಕಾಲುವೆ ಇವತ್ತಿಗೂ ಗದ್ದೆ, ಬಾಳೆ ತೋಟಕ್ಕೆ ನೀರು ಕೊಡುತ್ತಿದೆ. ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, ದೂರದವರಿಗೆ ಪಾಠ ಕಳಿಸಿ ಅಭ್ಯಾಸ ಇರುವ ಸಂಸ್ಥೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಲ್ಲೇ ಇದೆ. ಓಲೆಗರಿ ಒರೆಸಿ ಎಣ್ಣೆ ಹಚ್ಚುವುದನ್ನು ಅಂಥ ಕಡೆಯೇ ಕಲಿಯಬೇಕು. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಶಾಸನದ ಪಡಿಯಚ್ಚು ತೆಗೆಯಲು ಬೇಕಾದ್ದು ಒದ್ದೆ ಕಾಗದ, ಬ್ರಷ್ಷು, ಮಸಿ, ತಾಳ್ಮೆ. ನಮ್ಮೂರಿಗೇ ಬಂದರೂ ಸಾಕು. ಗಾರೆ ಅಜ್ಜನಂಥವರನ್ನು ಗೌರವಧನ ಕೊಟ್ಟು ಗುರುಗಳಾಗಿ ಕರೆಸಿ. ಅವರ ಪದವಿ ಕೇಳಬೇಡಿ.

ವಾಸ್ತುಶಿಲ್ಪ, ಎಂಜಿನಿಯರಿಂಗ್‌ನಂಥ ಕೋರ್ಸ್‌ಗಳನ್ನು ಆನ್‌ಲೈನ್‌ನಲ್ಲಿ ಕೊಡಲು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಬಿಡುವುದಿಲ್ಲ ಎಂದು ನೀವು ಹೇಳಬಹುದು. ಸರಿ. ನಾವು ಕೇಳುತ್ತಿರುವುದು ಕಟ್ಟಡದ ನಕ್ಷೆಗೆ ಸಹಿ ಹಾಕುವ ಪದವಿ ಅಲ್ಲ, ಎಂ.ಎ. ಪದವಿ. ಯುಜಿಸಿಯ 2020ರ ನಿಯಮಾವಳಿಯಲ್ಲಿ ಮಾನ್ಯತೆ ಪಡೆದ ಆನ್‌ಲೈನ್ ಪದವಿಗೆ ತರಗತಿಯಲ್ಲಿ ಕೂತು ಪಡೆದ ಪದವಿಯಷ್ಟೇ ಬೆಲೆ ಇದೆ. ಯಾವ ಪದವಿ ಆದವರಿಗೂ ಪ್ರವೇಶ ಕೊಡಿ. ಶುಲ್ಕ ಕೈಗೆಟುಕುವ ಹಾಗಿರಲಿ. ನಾನು ನನ್ನ ಶುಲ್ಕಕ್ಕೆ ಎರಡು ಬಳೆ ಬ್ಯಾಂಕಿನಲ್ಲಿ ಇಟ್ಟಿದ್ದೇನೆ. ಎಲ್ಲರ ಮನೆಯಲ್ಲೂ ಇಡಲು ಬಳೆ ಇರುವುದಿಲ್ಲ.

ಇನ್ನೊಂದು ವಿಷಯ. ಈ ಪದವಿ ಪಡೆದವರಿಗೆ ಕೆಲಸದಲ್ಲಿ ಬೆಲೆ ಸಿಗಬೇಕು. ಪುರಾತತ್ವ, ಮುಜರಾಯಿ, ಪ್ರವಾಸೋದ್ಯಮ, ಅರಣ್ಯ ಇಲಾಖೆಗಳ ನೇಮಕಾತಿ ನಿಯಮದಲ್ಲಿ ಇದರ ಹೆಸರು ಸೇರದಿದ್ದರೆ ಎರಡನೇ ವರ್ಷಕ್ಕೇ ಸೀಟು ಖಾಲಿ ಉಳಿಯುತ್ತವೆ. ಉನ್ನತ ಶಿಕ್ಷಣ ಇಲಾಖೆ ಒಂದೇ ಮಾಡುವ ಕೆಲಸ ಅಲ್ಲ ಇದು, ಗೊತ್ತು. ಆದರೆ ಶುರು ಮಾಡಬೇಕಾದವರು ನೀವೇ.

ಪಠ್ಯದಲ್ಲಿ ಹಂಪಿಯ ಪಾಠ ಕಡ್ಡಾಯವಾಗಿ ಇರಲಿ, ಬರೀ ಶಿಲ್ಪಕಲೆಯ ಪಾಠ ಅಲ್ಲ. ತುಂಗಭದ್ರಾ ನದಿಗೆ ಕಟ್ಟುತ್ತಿದ್ದ ಆನೆಗೊಂದಿ ಸೇತುವೆಯ ಕಾರಣಕ್ಕೆ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು, ಹೊರಗೆ ಬಂದದ್ದು 2006ರಲ್ಲಿ. ಆ ಸೇತುವೆ 2009ರಲ್ಲಿ ಕಟ್ಟುವಾಗಲೇ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕಿದ್ದ ಕುಟುಂಬಗಳನ್ನು ತೆರವು ಮಾಡಿದರು. ನದಿ ದಾಟಲು ಜನಕ್ಕೆ ಸೇತುವೆ ಬೇಕಿತ್ತು, ಸ್ಮಾರಕವೂ ಉಳಿಯಬೇಕಿತ್ತು. ಇಂಥ ಕಡೆ ಎರಡೂ ಕಡೆಯವರ ಜೊತೆ ಕೂತು ಕನ್ನಡದಲ್ಲಿ ಮಾತಾಡಬಲ್ಲವರು ಬೇಕು. ಕಲ್ಲಿನ ವಿಜ್ಞಾನ ಗೊತ್ತಿದ್ದೂ ಚಹಾ ಅಂಗಡಿಯವರ ಮಾತು ಕೇಳಲು ಬಾರದಿದ್ದರೆ ಆ ಓದು ಅರ್ಧ.

ನಮ್ಮೂರಿನ ಗುಡಿಯ ಮುಂದಿನ ಕೆಲಸ ಈಗ ಊರ ಸಭೆಯ ಮುಂದಿದೆ. ಸಿಮೆಂಟ್ ಕೀಳಿಸಿ ಗಾರೆ ತುಂಬಿಸೋಣ ಎಂದು ನಾನು ಹೇಳಿದೆ. ಅವಸರದಲ್ಲಿ ಕಿತ್ತರೆ ಕಲ್ಲಿನ ಅಂಚೂ ಜೊತೆಗೆ ಬರುತ್ತದೆ, ತಿಳಿದವರು ಮುಂದೆ ನಿಂತು ಮಾಡಿಸಬೇಕು ಎಂದೂ ಹೇಳಿದೆ. "ಅಂಥವರು ಎಲ್ಲಿ ಸಿಗ್ತಾರೆ ಟೀಚರೇ?" ಎಂದು ಸಮಿತಿಯ ಹಿರಿಯರು ಕೇಳಿದರು. ಆ ಪ್ರಶ್ನೆಯನ್ನೇ ನಿಮಗೆ ಕಳಿಸುತ್ತಿದ್ದೇನೆ.

ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಮ್ಮ ಜಿಲ್ಲೆಗೆ ನಿಮ್ಮಂಥವರ ಓಡಾಟ ಜಾಸ್ತಿಯಾಗಿದೆ. ಮುಂದಿನ ಸಲ ಬಂದಾಗ ಅರಸೀಕೆರೆ ಕಡೆಯೂ ಬನ್ನಿ. ಸಂಜೆ ಏಳರ ಮೇಲೆ ಬಂದರೆ ಒಳ್ಳೆಯದು, ಹಗಲಿನಲ್ಲಿ ಆ ಎರಡು ಸಾಲು ಕಾಣುವುದಿಲ್ಲ. ಟಾರ್ಚು ನಾನು ತರುತ್ತೇನೆ.

ಇಂತಿ,
ಒಬ್ಬ ಸರ್ಕಾರಿ ಪ್ರೌಢಶಾಲಾ ಶಿಕ್ಷಕಿ
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ